ಕಾರಿನ ಎಸಿ ಗ್ಯಾಸ್ ಪ್ರತಿ ವರ್ಷ ತುಂಬಿಸಬೇಕೇ?

‘ಕಾರಿನ ಎಸಿ ಗ್ಯಾಸ್ ವರ್ಷಕ್ಕೊಮ್ಮೆ ತುಂಬಿಸಲೇಬೇಕು’ ಎನ್ನುವ ಮಾತು ನಿಜವಲ್ಲ. ಈ ಗ್ಯಾಸ್ ಪೆಟ್ರೋಲ್‌ನಂತೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ವರ್ಷಗಳು ಕಳೆದಂತೆ ಅಲ್ಪಸ್ವಲ್ಪ ಸೋರುವುದು ಸಹಜ. ಆದರೆ ತುಂಬಿಸಿದ ಕೆಲವೇ ತಿಂಗಳಲ್ಲಿ ಕಡಿಮೆಯಾದರೆ ಎಲ್ಲೋ ಲೀಕ್ ಇದೆ ಎಂದರ್ಥ.

ಎಸಿ ತಂಪು ಕಡಿಮೆಯಾದರೆ ಮೊದಲು ಹೀಗೆ ಗಮನಿಸಿ:

• ಗಾಳಿಯೇ ಕಡಿಮೆ ಬರುತ್ತಿದೆಯೇ? ಕ್ಯಾಬಿನ್ ಫಿಲ್ಟರ್‌ನಲ್ಲಿ ಧೂಳು ಕಟ್ಟಿರಬಹುದು. ಹಲವು ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ.
• ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯೇ? ಮುಂಭಾಗದ ಕಂಡೆನ್ಸರ್ ಮತ್ತು ಅದರ ಫ್ಯಾನ್ ಪರೀಕ್ಷಿಸಿ.
• ಗಾಳಿ ಜೋರಾಗಿದ್ದರೂ ಯಾವಾಗಲೂ ತಂಪಿಲ್ಲವೇ? ಆಗ ಗ್ಯಾಸ್, ಕಂಪ್ರೆಸರ್ ಎರಡನ್ನೂ ಪರೀಕ್ಷಿಸಬೇಕು.

ಲೀಕ್ ಸರಿಪಡಿಸದೆ ಗ್ಯಾಸ್ ತುಂಬಿಸಿದರೆ ಹಣವೂ ಸೋರಿಹೋಗುತ್ತದೆ. ಅಗತ್ಯಕ್ಕಿಂತ ಹೆಚ್ಚು ತುಂಬಿಸಿದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರ್ ಕೆಡಬಹುದು.