ಕಿರು ಉಪಗ್ರಹಗಳು ಮತ್ತು ನಮ್ಮ ನೆಲ-ಜಲ

ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿಯು ಉಜನಿ ಜಲಾಶಯವನ್ನು ತುಂಬಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾದು ಕೃಷ್ಣೆಯನ್ನು ಸೇರುತ್ತದೆ. ಎರಡು ರಾಜ್ಯಗಳ ಜನರನ್ನು ಪೊರೆಯುವ ಇಂತಹ ನದಿಯ ಕಾಡು, ನೀರು, ಬೆಳೆಗಳನ್ನು ಒಂದೇ ನೋಟದಲ್ಲಿ ಅರಿಯಲು ಆಕಾಶದಿಂದಲೇ ನೋಡಬೇಕು. ಈ ಕಾರ್ಯಕ್ಕೆ ಇಂದು ನೆರವಾಗುತ್ತಿರುವ ಕಿರು ಉಪಗ್ರಹಗಳ ಪರಿಚಯವನ್ನು ಇಲ್ಲಿ ನೀಡುತ್ತಿದ್ದೇವೆ.

1988ರ ಮಾರ್ಚ್ 17ರಂದು ಉಡಾವಣೆಗೊಂಡ ಭಾರತದ ಐಆರ್‌ಎಸ್-1ಎ ಉಪಗ್ರಹದ ತೂಕ 975 ಕಿಲೋಗ್ರಾಂ. ಅದು ಒಂದೇ ಸ್ಥಳವನ್ನು ಮತ್ತೆ ನೋಡಲು 22 ದಿನಗಳು ಬೇಕಾಗುತ್ತಿದ್ದವು. 2017ರ ಫೆಬ್ರವರಿ 15ರಂದು ಇಸ್ರೋದ ಪಿಎಸ್‌ಎಲ್‌ವಿ-ಸಿ37 ರಾಕೆಟ್ ಹೊತ್ತೊಯ್ದ 104 ಉಪಗ್ರಹಗಳಲ್ಲಿ 88 ಉಪಗ್ರಹಗಳು ಅಮೆರಿಕದ ಪ್ಲಾನೆಟ್ ಸಂಸ್ಥೆಯ ‘ಡವ್’ಗಳು, ಒಂದೊಂದರ ತೂಕ ಸುಮಾರು 5 ಕಿಲೋಗ್ರಾಂ. ಹಿಂಡಾಗಿ ಸುತ್ತುವುದರಿಂದ ಇವು ಬಹುಮಟ್ಟಿಗೆ ದಿನವೂ ಭೂಭಾಗದ ಚಿತ್ರ ತೆಗೆಯಬಲ್ಲವು. ಒಂದು ಚಿತ್ರವು ಒಂದು ದಿನದ ಶಿಲ್ಕಿನಂತೆ. ದಿನದಿನದ ಚಿತ್ರಗಳು ಪಾಸ್‌ಬುಕ್ಕಿನಂತೆ. ಏನು ಯಾವಾಗ ಕರಗಿತೆಂಬುದು ಎರಡನೆಯದರಿಂದಲೇ ತಿಳಿಯುತ್ತದೆ.

ಹಸುರೆಲೆಯು ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಎಲೆ ಬಾಡಿದಂತೆ ಈ ಅಂತರ ಕುಗ್ಗುತ್ತದೆ. ತಿಳಿನೀರು ಅವಕೆಂಪು ಕಿರಣಗಳನ್ನು ಹೀರಿ ಕಪ್ಪಾಗಿ ಕಾಣುತ್ತದೆ. ಬೆಂಗಳೂರಿನ ಪಿಕ್ಸೆಲ್ ಸಂಸ್ಥೆಯು 2025ರಲ್ಲಿ ಕಕ್ಷೆಗೆ ಕಳುಹಿಸಿದ ಆರು ‘ಫೈರ್‌ಫ್ಲೈ’ ಉಪಗ್ರಹಗಳು ಬೆಳಕನ್ನು ನೂರಕ್ಕೂ ಹೆಚ್ಚು ಪಟ್ಟಿಗಳಾಗಿ ವಿಂಗಡಿಸಿ ನೋಡುತ್ತವೆ.

ಪುಣೆಗೂ ಈ ಇತಿಹಾಸದಲ್ಲಿ ಸ್ಥಾನವುಂಟು. ಇಲ್ಲಿನ ಇಂಜಿನಿಯರಿಂಗ್ ಕಾಲೇಜು ಸಿಒಇಪಿಯ ವಿದ್ಯಾರ್ಥಿಗಳು ನಿರ್ಮಿಸಿದ, ಒಂದು ಕಿಲೋಗ್ರಾಮಿಗಿಂತ ಹಗುರವಾದ ‘ಸ್ವಯಂ’ 2016ರ ಜೂನ್ 22ರಂದು ಕಕ್ಷೆ ಸೇರಿತು. ಹ್ಯಾಮ್ ರೇಡಿಯೋ ಮೂಲಕ ಸಂದೇಶ ರವಾನಿಸುವುದು ಅದರ ಉದ್ದೇಶವಾಗಿತ್ತು, ನಿಸರ್ಗದ ವೀಕ್ಷಣೆಯಲ್ಲ. ಆದರೆ ಪುಟ್ಟ ಉಪಗ್ರಹವನ್ನು ಕಾಲೇಜಿನಲ್ಲಿಯೂ ಕಟ್ಟಬಹುದೆಂಬುದನ್ನು ಅದು ತೋರಿಸಿತು.

ಇವುಗಳ ಮಿತಿಯನ್ನೂ ಅರಿಯಬೇಕು. 2014ರ ಜುಲೈ 30ರಂದು ಅಂಬೇಗಾವ್ ತಾಲೂಕಿನ ಮಾಳಿಣ ಗ್ರಾಮದ ಮೇಲೆ ಗುಡ್ಡ ಕುಸಿದು ಸುಮಾರು 150 ಮಂದಿ ಮೃತಪಟ್ಟರು. ಅಂತಹ ಮಳೆಗಾಲದಲ್ಲಿ ಸಹ್ಯಾದ್ರಿಯನ್ನು ಮೋಡ ಮುಸುಕಿರುತ್ತದೆ; ಕ್ಯಾಮೆರಾ ಕುರುಡಾಗುತ್ತದೆ. ಮೋಡವನ್ನು ಭೇದಿಸಬಲ್ಲುದು ರೇಡಾರ್. ಫಿನ್ಲೆಂಡಿನ ಐಸ್‌ಐ ಸಂಸ್ಥೆಯ ಮೊದಲ ಕಿರು ರೇಡಾರ್ ಉಪಗ್ರಹವು 2018ರ ಜನವರಿ 12ರಂದು ಶ್ರೀಹರಿಕೋಟಾದಿಂದಲೇ ಹಾರಿತು.

ಇಷ್ಟಾದರೂ, ಕಂಡ ಹಸುರು ಕಾಡೋ, ಕಬ್ಬೋ, ಜಲಾಶಯವನ್ನು ಮುಚ್ಚಿದ ಅಂತರಗಂಗೆಯೋ ಎಂಬುದನ್ನು ಖಚಿತಪಡಿಸಲು ನೆಲದ ಮೇಲೆ ನಡೆದು ನೋಡಿದವರ ಸಾಕ್ಷ್ಯ ಬೇಕು. ರೈತರು, ಮೀನುಗಾರರು, ಅರಣ್ಯ ರಕ್ಷಕರು ಕೊಡುವ ಮಾಹಿತಿಯೊಡನೆ ತಾಳೆ ನೋಡಿದಾಗ ಮಾತ್ರ ಉಪಗ್ರಹದ ಚಿತ್ರವು ಭೀಮೆಯ ಮೇಲ್ದಂಡೆಯವರಿಗೂ ಕೆಳದಂಡೆಯವರಿಗೂ ಒಪ್ಪಿಗೆಯಾಗುವ ಲೆಕ್ಕವಾದೀತೆಂದು ನಾವು ಭಾವಿಸುತ್ತೇವೆ.