ಮಸಿ ಹಿಡಿದ ಹಾಳೆ, ತಾನೇ ಬರೆದ ಸ್ನಾಯು

ಕ್ಷಣಮಾತ್ರದಲ್ಲಿ ಮುಗಿದುಹೋಗುವ ಸ್ನಾಯುವಿನ ಸೆಳೆತವನ್ನು ಹಿಡಿದಿಡುವುದು ಹೇಗೆ? ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲಿ ಪ್ರಕಟಿಸಿದ ಕೈಮೋಗ್ರಾಫ್ ಎಂಬ ದಾಖಲಿಸುವ ಉಪಕರಣ ಇದಕ್ಕೆ ದಾರಿ ತೋರಿಸಿತು. ಅವರು ಅದನ್ನು ಕಟ್ಟಿದ್ದು ರಕ್ತದೊತ್ತಡ ದಾಖಲಿಸಲು. ನರ, ಸ್ನಾಯುಗಳ ಅಧ್ಯಯನಕ್ಕೂ ಅದು ಬೇಗನೆ ಒಗ್ಗಿಕೊಂಡಿತು.

ಸಲಕರಣೆಯೆಲ್ಲ ಬಿಡಿಬಿಡಿ. ತಿರುಗುವ ಉರುಳೆಗೆ ನುಣುಪು ಕಾಗದ ಸುತ್ತಿ, ಹೊಗೆಯಾಡುವ ಜ್ವಾಲೆಯ ಮೇಲೆ ಹಿಡಿದು ಮಸಿ ಹತ್ತಿಸಬೇಕು. ಕಪ್ಪೆಯ ಮೀನಖಂಡದ ಸ್ನಾಯುವನ್ನು ದಾರದಿಂದ ಸನ್ನೆಕಡ್ಡಿಗೆ ಕಟ್ಟಬೇಕು. ಅದರ ನರಕ್ಕೆ ವಿದ್ಯುತ್ ಆಘಾತ ಕೊಡಲು ಜರ್ಮನ್ ವಿಜ್ಞಾನಿ ಡು ಬೋಯಿಸ್-ರೇಮಂಡ್ ರೂಪಿಸಿದ ಜಾರುವ ಸುರುಳಿಜೋಡಿ. ಎರಡು ಸುರುಳಿಗಳು ಹತ್ತಿರವಾದಷ್ಟೂ ಆಘಾತ ಜೋರು. ಪಕ್ಕದಲ್ಲಿ ಕಂಪಿಸುವ ಶ್ರುತಿಕವೆ ಕಾಲದ ಅಲೆಗೆರೆ ಎಳೆಯುತ್ತದೆ. ಸ್ನಾಯು ಸೆಳೆದೊಡನೆ ಕಡ್ಡಿಯ ಮೊನೆ ಮಸಿ ಕೆರೆದು ಬಿಳಿ ಗೆರೆ ಮೂಡಿಸುತ್ತದೆ. ಕೊನೆಗೆ ಹಾಳೆಯನ್ನು ಅರಗಿನ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿದರೆ ದಾಖಲೆ ಭದ್ರ.

ಇಂಥ ನರ-ಸ್ನಾಯು ಪ್ರಯೋಗದಿಂದಲೇ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 27 ಮೀಟರ್ ಸಾಗುತ್ತದೆಂದು ಅಳೆದು ತೋರಿಸಿದರು. ಅಳೆಯಲಾಗದಷ್ಟು ವೇಗವೆಂಬ ನಂಬಿಕೆ ಅಲ್ಲಿಗೆ ಮುರಿಯಿತು.

ಆದರೆ ಉರುಳೆ, ಸುರುಳಿಗಳಂಥ ಉಪಕರಣ ಪ್ರತಿ ವಿದ್ಯಾರ್ಥಿಯ ಕೈಗೆ ಸಿಗಬೇಕಲ್ಲ! ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ವಿಲಿಯಂ ಪೋರ್ಟರ್ ಅಗ್ಗದ, ಗಟ್ಟಿಮುಟ್ಟಾದ ಉಪಕರಣ ತಯಾರಿಸಲು 1901ರಲ್ಲಿ ಹಾರ್ವರ್ಡ್ ಅಪರೇಟಸ್ ಸಂಸ್ಥೆ ಆರಂಭಿಸಿದರು. ಶರೀರಕ್ರಿಯಾಶಾಸ್ತ್ರ ಕಲಿಕೆ ಬರೀ ಪಾಠ ಕೇಳುವುದಾಗಿ ಉಳಿಯದೆ ಕೈಯಾರೆ ಮಾಡಿ ನೋಡುವ ವಿದ್ಯೆಯಾಗಲು ಇದು ಕೊಟ್ಟ ಕೊಡುಗೆ ನಿಜಕ್ಕೂ ದೊಡ್ಡದು.

1922ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಗ್ಯಾಸರ್ ಮತ್ತು ಅರ್ಲಾಂಗರ್ ನರದ ಸಂಕೇತವನ್ನು ಆಸಿಲೋಸ್ಕೋಪಿನ ಪರದೆಗೆ ತಂದರು. ಭಾರತದ ವೈದ್ಯಕೀಯ ಕಾಲೇಜುಗಳಲ್ಲಿ ಮಾತ್ರ ಮಸಿಯ ಉರುಳೆ ಆಮೇಲೂ ದಶಕಗಟ್ಟಲೆ ತಿರುಗಿತು. ಈಗ ಹಲವೆಡೆ ಕಪ್ಪೆಯ ಪ್ರಯೋಗವನ್ನು ಕಂಪ್ಯೂಟರಿನಲ್ಲೇ ಕಲಿಸುತ್ತಾರೆ.