ಗ್ರೇಂಜ್ ವೈನ್: ಸಾವಿರ ಡಾಲರ್ ಬಾಟಲಿಯ ನಿಜವಾದ ಮೌಲ್ಯವೆಷ್ಟು?

2014ರ ಏಪ್ರಿಲ್ 16ರಂದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಗೆ ಸಮಾನವಾದ ಹುದ್ದೆಯಲ್ಲಿದ್ದ ಬ್ಯಾರಿ ಓ'ಫಾರೆಲ್ ರಾಜೀನಾಮೆ ಘೋಷಿಸಿದರು. ಅದಕ್ಕೆ ಕಾರಣವಾದದ್ದು ಒಂದು ಬಾಟಲಿ ವೈನ್. 1959ರ ಕೊಯ್ಲಿನ, ಸುಮಾರು 3,000 ಆಸ್ಟ್ರೇಲಿಯನ್ ಡಾಲರ್ ಬೆಲೆಯ ‘ಪೆನ್‌ಫೋಲ್ಡ್ಸ್ ಗ್ರೇಂಜ್’ ತಮಗೆ ಉಡುಗೊರೆಯಾಗಿ ಬಂದಿಲ್ಲವೆಂದು ಅವರು ಭ್ರಷ್ಟಾಚಾರ ತನಿಖಾ ಆಯೋಗದ ಮುಂದೆ ಹೇಳಿದ್ದರು. ಮರುದಿನವೇ ಅವರ ಕೈಬರಹದ ಕೃತಜ್ಞತಾ ಪತ್ರ ಬೆಳಕಿಗೆ ಬಂದಿತು. ಆಯೋಗವನ್ನು ದಾರಿ ತಪ್ಪಿಸುವ ಉದ್ದೇಶ ಅವರಿಗಿರಲಿಲ್ಲವೆಂಬುದು ಅನಂತರ ಸ್ಪಷ್ಟವಾಯಿತಾದರೂ ಹೋದ ಪದವಿ ಮರಳಲಿಲ್ಲ.

ಒಂದು ದೇಶದ ಅಥವಾ ಪ್ರದೇಶದ ವೈನ್ ಉದ್ಯಮಕ್ಕೇ ಗುರುತಾಗಿ ನಿಂತ ಇಂತಹ ದುಬಾರಿ ವೈನ್‌ಗಳನ್ನು ‘ಐಕಾನ್ ವೈನ್’ ಎಂದು ಕರೆಯುವುದು ರೂಢಿ. ಫ್ರಾನ್ಸಿನ ಲಾಫೀತ್, ಲಾತೂರ್‌ಗಳಂತೆ ಆಸ್ಟ್ರೇಲಿಯಾಕ್ಕೆ ಗ್ರೇಂಜ್. ವರ್ಷದಿಂದ ವರ್ಷಕ್ಕೆ ಏರುತ್ತಿರುವ ಇವುಗಳ ಬೆಲೆಗೆ ತಕ್ಕ ಗುಣ ಬಾಟಲಿಯೊಳಗೆ ಇದೆಯೇ ಎಂಬ ಪ್ರಶ್ನೆಗೆ ಗ್ರೇಂಜ್‌ನ ಚರಿತ್ರೆಯಲ್ಲೇ ಬಹುಪಾಲು ಉತ್ತರ ದೊರೆಯುತ್ತದೆ.

ಬೇಡವಾಗಿದ್ದ ಕೂಸು

ಪೆನ್‌ಫೋಲ್ಡ್ಸ್ ಸಂಸ್ಥೆ 1844ರಲ್ಲಿ ಅಡಿಲೇಡ್ ನಗರದ ಸಮೀಪ ಮ್ಯಾಗಿಲ್‌ನಲ್ಲಿ ಆರಂಭವಾಯಿತು. ಅಲ್ಲಿನ ಮುಖ್ಯ ವೈನ್ ತಯಾರಕ ಮ್ಯಾಕ್ಸ್ ಶೂಬರ್ಟ್ 1950ರಲ್ಲಿ ಯುರೋಪ್ ಪ್ರವಾಸ ಕೈಗೊಂಡಾಗ ಫ್ರಾನ್ಸಿನ ಬೋರ್ಡೊ ಪ್ರದೇಶಕ್ಕೂ ಭೇಟಿಯಿತ್ತರು. ಹಲವು ದಶಕ ಕಳೆದರೂ ಸತ್ವಗುಂದದ ವೈನ್‌ಗಳನ್ನು ಅಲ್ಲಿ ಸವಿದ ಅವರು, ಅಷ್ಟೇ ದೀರ್ಘಾಯುಷ್ಯದ ವೈನನ್ನು ಸ್ವದೇಶದ ಶಿರಾಜ್ ದ್ರಾಕ್ಷಿಯಿಂದ ತಯಾರಿಸಲು ಸಂಕಲ್ಪಿಸಿದರು. 1951ರಲ್ಲಿ ಮೊದಲ ಪ್ರಯೋಗ ನಡೆಯಿತು.

ಆದರೆ ಆರಂಭದಲ್ಲಿ ಈ ವೈನ್ ಯಾರಿಗೂ ರುಚಿಸಲಿಲ್ಲ. ವಿಮರ್ಶಕರು ಹಳಿದರು, ಸಂಸ್ಥೆಯ ಆಡಳಿತ ವರ್ಗವೂ ಕೈಬಿಟ್ಟಿತು. 1957ರಲ್ಲಿ ತಯಾರಿಕೆ ನಿಲ್ಲಿಸುವಂತೆ ಆದೇಶ ಬಂದಾಗ ಶೂಬರ್ಟ್ ಮೇಲಧಿಕಾರಿಗಳ ಕಣ್ಣು ತಪ್ಪಿಸಿ 1957, 1958 ಮತ್ತು 1959ರ ಕೊಯ್ಲುಗಳಿಂದ ಗುಟ್ಟಾಗಿ ಗ್ರೇಂಜ್ ತಯಾರಿಸಿದರು. ಹೊಸ ಓಕ್ ಪೀಪಾಯಿಗಳನ್ನು ಕೊಳ್ಳಲು ಹಣವಿರಲಿಲ್ಲವಾದ್ದರಿಂದ ಹಳೆಯವುಗಳಲ್ಲೇ ತೃಪ್ತರಾಗಬೇಕಾಯಿತು. ಅಷ್ಟರಲ್ಲಿ ನೆಲಮಾಳಿಗೆಯಲ್ಲಿದ್ದ ಮೊದಲ ವರ್ಷಗಳ ಬಾಟಲಿಗಳು ಮಾಗಿದ್ದವು. ಅವುಗಳ ರುಚಿ ನೋಡಿ ಮನಸ್ಸು ಬದಲಿಸಿದ ಆಡಳಿತ ವರ್ಗ 1960ರಲ್ಲಿ ನಿಷೇಧ ತೆಗೆಯಿತು. 1995ರಲ್ಲಿ ಅಮೆರಿಕದ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆ 1990ರ ಗ್ರೇಂಜನ್ನು ವರ್ಷದ ವೈನ್ ಎಂದು ಆರಿಸಿತು. ಓ'ಫಾರೆಲ್ ಅವರ ಪದವಿಗೆ ಮುಳುವಾದ ಬಾಟಲಿ ಆ ಗುಟ್ಟಿನ ಕೊಯ್ಲುಗಳಲ್ಲೊಂದು ಎಂಬುದು ಗಮನಾರ್ಹ.

ಏರಿದ ಬೆಲೆ

ಎರಡು ಪ್ರಮುಖ ಅಮೆರಿಕನ್ ಪತ್ರಿಕೆಗಳಿಂದ 100ಕ್ಕೆ 100 ಅಂಕ ಗಳಿಸಿದ 2008ರ ಗ್ರೇಂಜ್ 2013ರಲ್ಲಿ 785 ಆಸ್ಟ್ರೇಲಿಯನ್ ಡಾಲರ್ ಬೆಲೆಗೆ ಬಿಡುಗಡೆಯಾಯಿತು. ಈಚಿನ ಬಿಡುಗಡೆಗಳ ಬೆಲೆ ಸಾವಿರ ಡಾಲರಿನ ಆಸುಪಾಸಿನಲ್ಲಿದೆ, ಅಂದರೆ ಅರ್ಧ ಲಕ್ಷ ರೂಪಾಯಿಗೂ ಅಧಿಕ. 1951ರ ಪ್ರಯೋಗದ ಒಂದು ಬಾಟಲಿ 2021ರ ಹರಾಜಿನಲ್ಲಿ ಒಂದೂವರೆ ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಬೆಲೆ ಕಂಡಿತು. ಎಲ್ಲ ವರ್ಷಗಳ ಬಾಟಲಿಗಳನ್ನೂ ಸಾಲಾಗಿ ಜೋಡಿಸಿಡಬೇಕೆನ್ನುವ ಸಂಗ್ರಾಹಕರು ಇಂತಹ ಬೆಲೆ ತೆರುವುದು ಕುಡಿಯಲೆಂದಲ್ಲ.

ಗ್ರೇಂಜ್ ತಯಾರಿಕೆಗೆ ವೆಚ್ಚ ಹೆಚ್ಚೆಂಬುದು ನಿಜ. ಹಲವು ಪ್ರದೇಶಗಳ ತೋಟಗಳಿಂದ ಆಯ್ದ ಉತ್ಕೃಷ್ಟ ದ್ರಾಕ್ಷಿ, ಪ್ರತಿ ವರ್ಷ ಹೊಸ ಅಮೆರಿಕನ್ ಓಕ್ ಪೀಪಾಯಿ, ಮಾರುಕಟ್ಟೆಗೆ ಬರುವ ಮುನ್ನ ನಾಲ್ಕೈದು ವರ್ಷಗಳ ಕಾಯುವಿಕೆ ಇವೆಲ್ಲಕ್ಕೂ ಹಣ ಬೇಕು. ಆದರೆ ಬೆಲೆಯ ಒಂದು ಪಾಲಿಗೆ ಮಾತ್ರ ಇದು ಸಮಾಧಾನವಾದೀತು. ಅದೇ ಸಂಸ್ಥೆಯ ‘ಬಿನ್ 389’ ವೈನನ್ನು ಅಭಿಮಾನಿಗಳು ‘ಮರಿ ಗ್ರೇಂಜ್’ ಎನ್ನುತ್ತಾರೆ. ಶಿರಾಜ್ ಜೊತೆಗೆ ಕ್ಯಾಬರ್ನೆ ದ್ರಾಕ್ಷಿಯೂ ಸೇರುವ ಈ ವೈನಿನ ಒಂದು ಭಾಗ ಮಾಗುವುದು, ಹಿಂದಿನ ವರ್ಷ ಗ್ರೇಂಜ್ ತುಂಬಿದ್ದ ಪೀಪಾಯಿಗಳಲ್ಲೇ. ಅದರ ಬೆಲೆ ಗ್ರೇಂಜ್‌ನ ಸುಮಾರು ಹತ್ತನೆಯ ಒಂದು ಪಾಲು. ಮರಿ ಗ್ರೇಂಜ್‌ಗಿಂತ ಗ್ರೇಂಜ್ ಉತ್ತಮವೆಂಬುದನ್ನು ಬಲ್ಲವರು ಅಲ್ಲಗಳೆಯಲಾರರು, ಆದರೆ ಹತ್ತು ಪಟ್ಟು ಉತ್ತಮವೆಂದು ವಾದಿಸುವವರು ವಿರಳ.

ನಾಲಿಗೆಯ ತೀರ್ಪು

ಬೆಲೆ ಮತ್ತು ರುಚಿಯ ನಂಟನ್ನು ಸಂಶೋಧಕರೂ ಪರೀಕ್ಷಿಸಿದ್ದಾರೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಆರು ಸಾವಿರಕ್ಕೂ ಅಧಿಕ ಗುಪ್ತ ಪರೀಕ್ಷೆಗಳನ್ನು ಅವಲೋಕಿಸಿತು. ಬೆಲೆ ತಿಳಿಯದೆ ಕುಡಿದಾಗ ಸಾಮಾನ್ಯರು ದುಬಾರಿ ವೈನನ್ನು ಹೆಚ್ಚು ಮೆಚ್ಚುವುದಿಲ್ಲ, ಬದಲಿಗೆ ತುಸು ಕಡಿಮೆಯೇ ಮೆಚ್ಚುತ್ತಾರೆಂದು ತಿಳಿದುಬಂದಿತು. ತರಬೇತಿ ಪಡೆದವರಲ್ಲಿ ಮಾತ್ರ ಈ ಪ್ರವೃತ್ತಿ ಕಾಣಲಿಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾದ ಸಂಶೋಧಕರು 20 ಮಂದಿಗೆ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಮತ್ತೊಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟರು. ಹೆಚ್ಚಿನ ಬೆಲೆ ಕೇಳಿದಾಗ ಅವರು ಹೆಚ್ಚು ಮೆಚ್ಚಿದ್ದಷ್ಟೇ ಅಲ್ಲ, ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾದದ್ದು ಸ್ಕ್ಯಾನಿಂಗ್‌ನಲ್ಲಿ ಕಂಡುಬಂದಿತು.

ಹಾಗೆಂದು ಐಕಾನ್ ವೈನ್‌ಗಳೆಲ್ಲ ಬರಿಯ ಭ್ರಮೆಯೆಂದು ತೀರ್ಮಾನಿಸುವುದು ಸರಿಯಲ್ಲ. ಗ್ರೇಂಜ್ ತಯಾರಾಗುವುದು ದಶಕಗಳ ಕಾಲ ಮಾಗಲೆಂದು. ಎಳೆಯ ವಯಸ್ಸಿನಲ್ಲಿ ಅದು ಒಗರಾಗಿ, ಬಿಗಿಯಾಗಿ ತೋರುವುದು ಸಹಜ. ಮೂವತ್ತು ವರ್ಷ ಕಳೆದರೂ ಜೀವಂತವಾಗಿರುವ ವೈನ್‌ಗಳು ಕಡಿಮೆ, ಆ ಅಪರೂಪಕ್ಕೊಂದು ಬೆಲೆ ಇದ್ದೇ ಇದೆ. ಆದರೆ ಆ ಬೆಲೆ ಸಲ್ಲುವುದು ತಂಪಾದ ಕತ್ತಲೆಯಲ್ಲಿ ಬಾಟಲಿಯನ್ನು ವರ್ಷಗಟ್ಟಲೆ ಕಾಪಾಡಬಲ್ಲವರಿಗೆ. ತಂದ ವಾರದಲ್ಲೇ ಬಿರಡೆ ತೆಗೆಯುವವರು ತಾವು ಸವಿಯದ ಗುಣಕ್ಕೆ ಹಣ ತೆತ್ತಂತಾಗುತ್ತದೆ.

ಹೂಡಿಕೆಯ ಲೆಕ್ಕ

ಬೆಲೆ ಏರುತ್ತಲೇ ಇದೆಯಲ್ಲ, ಕೊಂಡಿಟ್ಟರೆ ಲಾಭವಲ್ಲವೇ ಎಂಬ ವಾದವೂ ಉಂಟು. ಬಿಡುಗಡೆಯ ಬೆಲೆಯನ್ನು ನಿಗದಿಪಡಿಸುವುದು ಸಂಸ್ಥೆ, ಮರುಮಾರಾಟದ ಬೆಲೆಯನ್ನು ನಿರ್ಧರಿಸುವುದು ಕೊಳ್ಳುವವರು. ಈಚಿನ ಹಲವು ವರ್ಷಗಳ ಗ್ರೇಂಜ್ ಹರಾಜಿನಲ್ಲಿ ಬಿಡುಗಡೆ ಬೆಲೆಗಿಂತ ಅಗ್ಗವಾಗಿ ಬಿಕರಿಯಾಗಿದೆ. ರಾಜಕೀಯದ ಬಿಸಿಯೂ ತಟ್ಟದಿರದು. ಪೆನ್‌ಫೋಲ್ಡ್ಸ್‌ಗೆ ದೊಡ್ಡ ಮಾರುಕಟ್ಟೆಯಾಗಿದ್ದ ಚೀನಾ 2021ರಲ್ಲಿ ಆಸ್ಟ್ರೇಲಿಯಾದ ವೈನ್ ಮೇಲೆ ಶೇ. 200ನ್ನೂ ಮೀರುವ ಸುಂಕ ಹೇರಿ, 2024ರ ಮಾರ್ಚ್‌ನಲ್ಲಷ್ಟೇ ತೆಗೆಯಿತು. ಬೋರ್ಡೊದಲ್ಲೂ ಮಿತಿಮೀರಿದ ಬೆಲೆಗೆ ಗಿರಾಕಿಗಳು ಬೆನ್ನು ತೋರಿದಾಗ, 2024 ಮತ್ತು 2025ರಲ್ಲಿ ಪ್ರಸಿದ್ಧ ತಯಾರಕರೇ ಬೆಲೆ ಇಳಿಸಬೇಕಾಯಿತು.

ಭಾರತದ ವೈನ್‌ಪ್ರಿಯರಿಗೂ ಈ ಲೆಕ್ಕ ಅನ್ವಯಿಸುತ್ತದೆ. 2022ರ ಡಿಸೆಂಬರ್ 29ರಂದು ಜಾರಿಯಾದ ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಂತೆ, 15 ಅಮೆರಿಕನ್ ಡಾಲರಿಗೂ ಹೆಚ್ಚು ಆಮದು ಬೆಲೆಯ ಬಾಟಲಿಗಳ ಮೇಲಿನ ಸುಂಕ ಶೇ. 150ರಿಂದ 75ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಅದು ಹಂತಹಂತವಾಗಿ ಶೇ. 25ಕ್ಕೆ ಇಳಿಯಬೇಕಿದೆ. ರಾಜ್ಯಗಳ ಅಬಕಾರಿ ತೆರಿಗೆ ಇದಕ್ಕೆ ಪ್ರತ್ಯೇಕ. ಆದ್ದರಿಂದ ಇಂದು ಗ್ರೇಂಜ್ ಕೊಳ್ಳುವ ಕನ್ನಡಿಗರು ವೈನಿಗಷ್ಟೇ ಅಲ್ಲ, ಸುಂಕಕ್ಕೂ ದೊಡ್ಡ ಮೊತ್ತ ತೆರುತ್ತಾರೆ.

ಒಟ್ಟಿನಲ್ಲಿ, ಐಕಾನ್ ವೈನಿನ ಬೆಲೆಯಲ್ಲಿ ಮೊದಲ ನೂರು ಡಾಲರ್ ದ್ರಾಕ್ಷಿ, ಪೀಪಾಯಿ ಮತ್ತು ಕಾಲಕ್ಕೆ ಸಲ್ಲುತ್ತದೆ ಎನ್ನಬಹುದು. ಉಳಿದದ್ದರಲ್ಲಿ ಬಹುಪಾಲು ಹೆಸರಿಗೆ ಮತ್ತು ಅದರ ಹಿಂದಿನ ಕಥೆಗೆ. ಆ ಕಥೆಗಾಗಿಯೇ ಹಣ ತೆರಲು ಸಿದ್ಧರಿರುವವರಿಗೆ ಅದು ನಷ್ಟವೆನಿಸದು. ರುಚಿಗಾಗಿ ಕೊಳ್ಳುವವರು ಮಾತ್ರ ಹೊಸ ಬಿಡುಗಡೆಗೆ ಮುಗಿಬೀಳದೆ, ಸರಿಯಾಗಿ ಸಂಗ್ರಹಿಸಿಟ್ಟ ಹಳೆಯ ಬಾಟಲಿಯನ್ನು ಹರಾಜಿನಲ್ಲಿ ಅರಸುವುದು, ಇಲ್ಲವೇ ಮರಿ ಗ್ರೇಂಜ್‌ನಲ್ಲಿ ತೃಪ್ತಿ ಕಾಣುವುದು ಜಾಣತನ. 1959ರಲ್ಲಿ ಹಳೆಯ ಪೀಪಾಯಿಗಳಲ್ಲಿ ಗುಟ್ಟಾಗಿ ಮಾಗಿದ ವೈನಿಗೆ ಆಗ ಹೆಸರೂ ಇರಲಿಲ್ಲ, ಬೆಲೆಯೂ ಇರಲಿಲ್ಲ. ಗುಣ ಮಾತ್ರ ಅಂದೇ ಇತ್ತು.